ಬುಟ್ಟಿಯಲ್ಲಿ ಬಂದ ಸಂಪಿಗೆ

"ಬುಡಕ್ಕೆ ಗುದ್ದಲಿ ಹಾಕಬ್ಯಾಡಿ ಅಂದೆ ನಾನು."

ಕನ್ನಮ್ಮ ಹೊಸಿಲ ಮೇಲೆ ನಿಂತು ಹೇಳಿದಳು. ಹೊಸಿಲು ಮಾತ್ರ ಉಳಿದಿತ್ತು, ಬಾಗಿಲನ್ನು ಆಗಲೇ ಕಿತ್ತು ಗಾಡಿಗೆ ಹೇರಿಯಾಗಿತ್ತು. ಮಾಡಿನ ಹುಲ್ಲು ಇಳಿದು, ಗಳ, ಒರಳು, ಒನಕೆ ಎಲ್ಲ ಗಾಡಿಯ ಮೇಲಿದ್ದವು. ಎತ್ತುಗಳು ನೊಗಕ್ಕೆ ಬರದೆ ಅಂಗಳದಲ್ಲೇ ಒದ್ದಾಡುತ್ತಿದ್ದವು. ಬೆಳ್ಳಪ್ಪ ಹೆಂಡತಿಯ ಮಾತು ಕೇಳಿಸದವನ ಹಾಗೆ ಗಿಡದ ಸುತ್ತ ಗುದ್ದಲಿಯ ಮೂಲೆಯಿಂದ ಗೀರು ಎಳೆಯುತ್ತಿದ್ದ.

ಅದು ಗಿಡ್ಡ ಸಂಪಿಗೆ. ಕಾಡಿನ ಸಂಪಿಗೆಯ ಹಾಗೆ ಮುಗಿಲು ನೋಡುವ ಮರವಲ್ಲ. ಎಷ್ಟು ವರ್ಷ ಸಾಕಿದರೂ ಆಳಿನ ಎದೆಯ ಮಟ್ಟ ದಾಟುವುದಿಲ್ಲ. ಬೇಸಿಗೆಯಲ್ಲೂ ಎಲೆ ಉದುರಿಸದೆ ಕಪ್ಪು ಹಸಿರಾಗಿ ಮಿನುಗುತ್ತದೆ. ಮೊಗ್ಗು ಸಣ್ಣ ಕೋಳಿಮೊಟ್ಟೆಯ ಹಾಗೆ ತಲೆ ಬಗ್ಗಿಸಿ ಜೋತಿರುತ್ತದೆ. ದೀಪ ಹಚ್ಚುವ ಹೊತ್ತಿಗೆ ಬಿರಿಯುತ್ತದೆ, ಮಾಗಿದ ಅನಾನಸ್ಸಿನ ಪರಿಮಳ ಮನೆಯೊಳಗೆಲ್ಲ ಬರುತ್ತದೆ, ಮರುದಿನ ಬಿಸಿಲೇರುವಷ್ಟರಲ್ಲಿ ಎಸಳು ನೆಲದಲ್ಲಿರುತ್ತದೆ. ಮದುವೆಗೆ ಮುಂಚೆ ಕನ್ನಮ್ಮ ಚಿಕ್ಕಮ್ಮನ ಜೊತೆ ತೀರ್ಥಹಳ್ಳಿಯ ಕಡೆ ಕಾಮಾಕ್ಷಮ್ಮನವರ ಮನೆಗೆ ಅಡಿಕೆ ಸುಲಿಯಲು ಹೋಗಿದ್ದಳು. ಆ ಅಮ್ಮ ಗಿಡದ ಒಂದು ಕೊಂಬೆಯನ್ನು ನೆಲಕ್ಕೆ ಬಗ್ಗಿಸಿ, ಮಣ್ಣೆಳೆದು, ಮೇಲೊಂದು ಕಲ್ಲು ಹೇರಿ, ಬೇರು ಬಂದ ಮೇಲೆ ಕತ್ತರಿಸಿ ಕೊಟ್ಟಿದ್ದರು. ಹುಡುಗಿ ಅದನ್ನು ಗಂಡನ ಮನೆಗೆ ತಂದು ಬಾಗಿಲ ಪಕ್ಕ ನೆಟ್ಟಳು. ಅವಳ ಬಸುರು ಒಂದೂ ನಿಲ್ಲಲಿಲ್ಲ. ಗಿಡ ನಿಂತಿತು.

"ಇದು ಎದ್ದು ಬರೋ ಗಿಡ ಅಲ್ಲ. ಇದರ ಬೇರು ಮೂಲಂಗಿ ಹಂಗೆ, ಮುರಿದ್ರೆ ಹೋತು," ಎಂದಳು ಕನ್ನಮ್ಮ. "ಒಂದು ಮಳೆಗಾಲ ಮುಂಚೆ ಹೇಳಿದ್ರೆ ಕೊಂಬೆ ಬಗ್ಗಿಸಿ ಇಡ್ತಿದ್ದೆ. ನಿಮಗೆ ಹೇಳಕ್ಕೆ ಬಾಯಿ ಇತ್ತಾ?"

ಬೆಳ್ಳಪ್ಪ ತಲೆ ಎತ್ತಲಿಲ್ಲ. ಅವಳು ಗಿಡದ ಮಾತಷ್ಟೇ ಆಡುತ್ತಿಲ್ಲ ಎಂದು ಅವನಿಗೆ ಗೊತ್ತಿತ್ತು. ಲಿಂಗನಮಕ್ಕಿಯ ಅಣೆಕಟ್ಟೆ ಏಳುತ್ತಿತ್ತು, ಈ ಮಳೆಗೆ ಹೊಳೆ ಊರೊಳಗೆ ಬರುತ್ತದೆ ಎಂದಾಗಿತ್ತು. ಮುಳುಗುವುದಕ್ಕೆ ಬದಲಿ ಜಮೀನು ಎಲ್ಲಿ ಬೇಕು ಎಂದು ಕಚೇರಿಯಲ್ಲಿ ಕೇಳಿದಾಗ ಮುಂದೆ ನಿಂತಿದ್ದವರು ಹೊಸನಗರದ ಕಡೆ ಅಂದರು. ಅವನೂ ಹೊಸನಗರದ ಕಡೆ ಅಂದು ಹೆಬ್ಬೆಟ್ಟು ಒತ್ತಿ ಬಂದ. ಕನ್ನಮ್ಮನ ತವರು ಬ್ಯಾಕೋಡಿನ ಹತ್ತಿರ, ಗುಡ್ಡದ ಮೇಲೆ. ಅದು ಮುಳುಗುವುದಿಲ್ಲ. ಅಣ್ಣನ ಜಮೀನಿನ ಪಕ್ಕ ಹುಲ್ಲು ಬೆಳೆಯುವ ಖಾಲಿ ಬ್ಯಾಣ ಇತ್ತು. ಅಲ್ಲಿ ಇರೋಣ ಎಂದು ಅವಳ ಮನಸ್ಸು. ಆ ಮನಸ್ಸನ್ನು ಅವನು ಕೇಳಲೇ ಇಲ್ಲ. ಹೆಬ್ಬೆಟ್ಟಿನ ವಿಷಯ ಹೇಳಿದ್ದು ಗಾಡಿ ಗೊತ್ತು ಮಾಡಿದ ಮೇಲೆ.

"ಬಿಡಿ ಅದನ್ನ. ಇದ್ದಲ್ಲೇ ಮುಳುಗ್ಲಿ."

"ನಾನು ಬದುಕಿಸ್ತೀನಿ," ಎಂದ ಬೆಳ್ಳಪ್ಪ.

"ಬದುಕಿಸ್ತಾರಂತೆ!" ಅವಳು ನಕ್ಕಳು. ಚೆಂದದ ನಗುವಲ್ಲ. "ನನ್ನ ಅವ್ವ ಹಾಸಿಗೆ ಹಿಡಿದಾಳೆ. ನಾನು ಅಣ್ಣನ ಮನೆಗೆ ಹೋಗ್ತೀನಿ. ನಿಮ್ಮ ಹೊಸನಗರದ ಕಾಡಲ್ಲಿ ಇದು ಹೂ ಬಿಟ್ಟ ದಿವಸ ಹೇಳಿ ಕಳ್ಸಿ. ಆವಾಗ ಬರ್ತೀನಿ."

ಸುತ್ತ ಬಿಡಿಸಿದ ಮಣ್ಣಿನ ಸಮೇತ ಗಿಡ ಎದ್ದಿತು. ಒಳಗೆಲ್ಲೋ ಬೇರು ಲಟಕ್ಕೆಂದದ್ದು ಇಬ್ಬರಿಗೂ ಕೇಳಿತು. ಇಡಲು ಕೈಗೆ ಸಿಕ್ಕಿದ್ದು ಭೂಮಿ ಹುಣ್ಣಿಮೆಯ ಬುಟ್ಟಿ. ಕನ್ನಮ್ಮನೇ ಸಗಣಿ ಬಳಿದು, ಕೆಮ್ಮಣ್ಣು ಹಚ್ಚಿ, ಅಕ್ಕಿಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆದಿದ್ದ ಬುಟ್ಟಿ ಅದು. ವರ್ಷಕ್ಕೊಮ್ಮೆ ಬಸುರಿ ಭೂಮಿತಾಯಿಗೆ ಬಯಕೆಯ ಊಟ ಹೊರುವುದಕ್ಕೆ ಮಾತ್ರ ಅದನ್ನು ಇಳಿಸುತ್ತಿದ್ದರು. ಅವನು ಗಿಡವನ್ನು ಅದರೊಳಗೆ ಇಟ್ಟ. ಅವಳು ಬುಟ್ಟಿಯನ್ನು ಒಮ್ಮೆ ನೋಡಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ದೋಣಿಯ ದಾರಿ ಹಿಡಿದಳು.

ಆ ಮಳೆಗೆ ನೀರು ಬಂತು. ಊರು ಹೋಯಿತು. ಮೊದಲಾದರೆ ಹೊಳೆ ದಾಟಿದರೆ ತವರು. ಈಗ ಕಣ್ಣು ಹಾಯುವವರೆಗೂ ನೀರು.

ಹೊಸ ಜಾಗದಲ್ಲಿ ಕಾಡು ಕಡಿದ ಬುಡಗಳೇ ತುಂಬಿದ್ದವು. ಗದ್ದೆಯಾಗಲು ವರ್ಷಗಳೇ ಬೇಕಿತ್ತು. ಬೆಳ್ಳಪ್ಪ ಗುಡಿಸಲಿಗಿಂತ ಮುಂಚೆ ಗಿಡಕ್ಕೆ ಗುಂಡಿ ತೆಗೆದ. ಹಳೆಯ ಮನೆಯಲ್ಲಿ ಯಾವ ಕೊಂಬೆ ಬಾಗಿಲ ಕಡೆ ಚಾಚಿತ್ತೋ ಅದನ್ನು ಇಲ್ಲೂ ಬಾಗಿಲು ಬರುವ ಕಡೆಗೇ ಮಾಡಿ ನೆಟ್ಟ. ಗಿಡ ಎಲೆಯನ್ನೆಲ್ಲ ಉದುರಿಸಿ ಬರೀ ಕಡ್ಡಿಯಾಗಿ ನಿಂತಿತು. ಕೆಳಗೆ ಎಲೆಗೊಬ್ಬರ ಹಾಸಿದ, ಬಿಸಿಲಿಗೆ ಸೊಪ್ಪಿನ ಚಪ್ಪರ ಕಟ್ಟಿದ. ಕೈಕಾಲು ತೊಳೆದ ನೀರು ಬುಡಕ್ಕೇ ಹೋಗುವ ಹಾಗೆ ಕಾಲುವೆ ಗೀರಿದ. ತೊಗಟೆಯನ್ನು ಉಗುರಲ್ಲಿ ಒಂಚೂರು ಕೆರೆದು ನೋಡುತ್ತಿದ್ದ. ಒಳಗೆ ಹಸಿರಿದ್ದರೆ ಅಂದಿನ ಗಂಜಿ ರುಚಿಸುತ್ತಿತ್ತು.

ಪಕ್ಕದ ಗುಡಿಸಲಿನ ಹುಲಿಯಮ್ಮ ಅವನ ಹಳೆಯ ಊರಿನವಳೇ. ವಯಸ್ಸಾದ ಹೆಂಗಸು, ಬಾಯಿ ಸಡಿಲ.

"ಬೆಳ್ಳಾ, ಕೆರೆದೂ ಕೆರೆದೂ ಅದಕ್ಕೆ ಕಜ್ಜಿ ಹಿಡ್ಸ್ತೀಯಾ. ಹೆಂಡ್ತೀನ ಇಷ್ಟು ನೋಡ್ಕಂಡಿದ್ರೆ ಅವಳು ಇಲ್ಲೇ ಇರ್ತಿದ್ಲು."

"ಹೂ ಬಿಟ್ರೆ ಬರ್ತಾಳೆ ಹುಲಿಯಕ್ಕ."

"ಸಿಟ್ಟಲ್ಲಿ ಅಂದಿದ್ದು ಅದು. ಹೋಗಿ ಕರಿಯೋ ಮಾರಾಯ."

"ಅಂದ ಮಾತು ಅಂದ ಮಾತೇ," ಎನ್ನುತ್ತಿದ್ದ ಅವನು.

ಮುಂದಿನ ವರ್ಷ ಕನ್ನಮ್ಮನ ತಾಯಿ ತೀರಿಕೊಂಡಳು. ಸುದ್ದಿ ತಡವಾಗಿ ಬಂತು. ಬೆಳ್ಳಪ್ಪ ತಿಥಿಯ ದಿನಕ್ಕೆ ಹೋದ. ಸಾಲಲ್ಲಿ ಕೂತವನಿಗೆ ಕನ್ನಮ್ಮ ಬಡಿಸಿದಳು. ಬಡವಾಗಿದ್ದಳು. ಎಲೆ ಎತ್ತುವ ಹೊತ್ತಿಗೆ ಬಗ್ಗಿ, ಯಾರಿಗೂ ಕೇಳದ ಹಾಗೆ, "ಹೂ ಬಿಡ್ತಾ?" ಎಂದಳು.

"ಇಲ್ಲ. ಎಲೆ ಬಂದೈತೆ."

ಅವಳು ಒಳಗೆ ಹೋದಳು. ಮತ್ತೆ ಹೊರಗೆ ಬರಲಿಲ್ಲ. ಬಾ ಎನ್ನುವ ಮಾತು ಅವನ ನಾಲಿಗೆಯ ತುದಿಯಲ್ಲೇ ಇತ್ತು. ಅದು ದೋಣಿ ಹತ್ತಿದರೂ ಅಲ್ಲೇ ಇತ್ತು, ಸಾಗರದಲ್ಲಿ ಬಸ್ಸು ಹತ್ತಿದರೂ ಅಲ್ಲೇ ಇತ್ತು.

ಅದರಾಚೆಯ ವರ್ಷ ಮಳೆ ಹಿಂದಾಗುವ ಹೊತ್ತಿಗೆ, ಬಾಗಿಲ ಕಡೆಯ ಕೊಂಬೆಯ ತುದಿಯಲ್ಲಿ ಗೋಲಿಯಷ್ಟು ದಪ್ಪದ ಹಸಿರು ಗಂಟು ಕಂಡಿತು. ಬೆಳ್ಳಪ್ಪ ಅದು ಎಲೆಯ ಚಿಗುರಿರಬಹುದು ಎಂದುಕೊಂಡು ಯಾರಿಗೂ ಹೇಳಲಿಲ್ಲ. ದಪ್ಪವಾಗುತ್ತ ಅದು ತಲೆ ಬಗ್ಗಿಸಿತು. ಮೊಗ್ಗೇ.

ಆಗ ಭೂಮಿ ಹುಣ್ಣಿಮೆ ಹತ್ತಿರ ಬಂದಿತ್ತು. ಗದ್ದೆಯ ಭತ್ತ ಹೊಟ್ಟೆ ಹೊತ್ತು ನಿಂತಾಗ ಅದಕ್ಕೆ ಬಯಕೆ ಬಡಿಸಬೇಕು. ಅವರ ಜನಕ್ಕೆ ಅದು ದೀಪಾವಳಿಗಿಂತ ದೊಡ್ಡದು. ಬೆಳ್ಳಪ್ಪನಿಗೆ ಗದ್ದೆಯಿಲ್ಲ. ಅವನ ನೆಲದಲ್ಲಿ ಹೊಟ್ಟೆ ಹೊತ್ತು ನಿಂತಿದ್ದುದು ಈ ಗಿಡ ಒಂದೇ.

ಅವನು ಬುಟ್ಟಿ ಇಳಿಸಿದ. ಚಿತ್ತಾರ ಅರ್ಧ ಅಳಿಸಿತ್ತು. ಅಕ್ಕಿ ನೆನೆಸಿ ಅರೆದು, ಪುಂಡಿನಾರನ್ನು ಜಜ್ಜಿ ಕುಂಚ ಮಾಡಿ, ಅಳಿಸಿದ ಎಳೆಗಳ ಮೇಲೆ ಒಂದೊಂದಾಗಿ ಎಳೆಯತೊಡಗಿದ. ಹುಲಿಯಮ್ಮ ಬಂದು ನೋಡಿ ಬಾಯಿಗೆ ಸೆರಗು ಒತ್ತಿಕೊಂಡಳು.

"ಅಯ್ಯಯ್ಯೋ! ಗಂಡಸು ಚಿತ್ತಾರ ಬರ್ಯೋದು ನೋಡೋ ಕಾಲ ಬಂತಲ್ಲೋ. ಆ ನೀರು ಎಂತೆಂತ ಮುಳುಗ್ಸ್ತು!"

"ಹಬ್ಬ ತಪ್ಪಿಸಬಾರ್ದು ಅಕ್ಕ. ಹಂಗೇ ಇಟ್ರೆ ಬುಟ್ಟಿನೂ ಹಾಳು."

ಅವಳು ನಗು ನಿಲ್ಲಿಸಿ ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತಳು. "ಅದೂ ಹೌದು ಬಿಡು. ಬುಟ್ಟಿಗೆ ಚಿತ್ತಾರ ಬರ್ಯೋದು ಹೊತ್ಕಂಡು ಹೋಗೋದಕ್ಕೆ, ಮೂಲೇಲಿ ಇಟ್ಟು ನೋಡೋದಕ್ಕಲ್ಲ. ಎಳೆ ದಪ್ಪ ಆತು, ಹಿಟ್ಟಿಗೆ ಸ್ವಲ್ಪ ನೀರು ಬಿಡು."

ಹುಣ್ಣಿಮೆಯ ಬೆಳಗು ಕೋಳಿ ಕೂಗುವಾಗ ಅವನು ಕೆಸುವಿನ ಸೊಪ್ಪು, ಅಮಟೆಕಾಯಿ ಬೆರೆಸಿದ ಅನ್ನವನ್ನು ಗಿಡದ ಸುತ್ತ ಬೀರಿದ. ಗದ್ದೆಯಲ್ಲಿ ಒಂದು ಕಡುಬನ್ನು ಹೂಳುವುದು ರೂಢಿ. ತಾಯಿ ಉಣ್ಣಲಿ ಎಂದು ಅವನು ಒಂದಲ್ಲ, ಬುಟ್ಟಿಯಲ್ಲಿದ್ದ ಕಡುಬನ್ನೆಲ್ಲ ಬುಡದಲ್ಲೇ ಹೂತ. ಮೊಗ್ಗಿನ ಹೊರ ಎಸಳು ಸಡಿಲಾಗಿತ್ತು. ನಾಳೆಯೋ ನಾಡಿದ್ದೋ ಸಂಜೆ ಬಿರಿಯುತ್ತದೆ. ಸಾಗರಕ್ಕೆ ಹೋಗುವ ಗಾಡಿಯವನಲ್ಲಿ ಹೇಳಿ ಕಳಿಸಬೇಕು, ಅವನು ದೋಣಿಯವನಿಗೆ ಹೇಳುತ್ತಾನೆ, ದೋಣಿಯವನು ಬ್ಯಾಕೋಡಿಗೆ ಮುಟ್ಟಿಸುತ್ತಾನೆ ಎಂದು ಲೆಕ್ಕ ಹಾಕುತ್ತ ರಾತ್ರಿ ಮಲಗಿದ.

ಹಳೆಯ ಊರಲ್ಲಿ ಬಯಲಿತ್ತು, ನಾಯಿಗಳಿದ್ದವು, ಗದ್ದೆ ಕಾಯುವ ಮಾಳವಿತ್ತು. ಇಲ್ಲಿ ಬೇಲಿಯಾಚೆಗೆ ಕಾಡು. ಬೆಳಿಗ್ಗೆ ಎದ್ದು ನೋಡಿದರೆ ಅಂಗಳವೆಲ್ಲ ಉತ್ತ ಹಾಗಿತ್ತು. ಹಂದಿಗಳು ಕಡುಬಿನ ವಾಸನೆ ಹಿಡಿದು ಬುಡವನ್ನು ಬಗೆದಿದ್ದವು. ಗಿಡ ಅಡ್ಡ ಬಿದ್ದಿತ್ತು. ಒಂದೆರಡು ಬೇರು ಮಾತ್ರ ನೆಲ ಕಚ್ಚಿದ್ದವು. ಮೊಗ್ಗು ಕೆಸರಿನಲ್ಲಿ ತುಳಿತಕ್ಕೆ ಸಿಕ್ಕಿ ಕಂದಿಹೋಗಿತ್ತು. ಅದರ ವಾಸನೆ ಮಾತ್ರ ಇತ್ತು.

ಹುಲಿಯಮ್ಮ ಬಂದು ನಿಂತಳು. ಬಿದ್ದ ಗಿಡವನ್ನು ಒಂದು ಸುತ್ತು ಬಂದು ನೋಡಿದಳು. "ಎತ್ತಿ ನಿಲ್ಸು," ಎಂದಳು ಕೊನೆಗೆ.

"ಎಂತ ನಿಲ್ಸೋದು? ಹೋತು."

ಎತ್ತಿ ಎಸೆಯಲು ಅವನಿಗೆ ಮನಸ್ಸು ಬರಲಿಲ್ಲ. ಬಿದ್ದಲ್ಲೇ ಅದರ ಮೇಲೆ ಮಣ್ಣೆಳೆದ. ಮಣ್ಣು ಮಾಡಿದ ಜಾಗವನ್ನು ನರಿ ಬಗೆಯದಿರಲಿ ಎಂದು ಕಲ್ಲು ಹೇರುತ್ತಾರಲ್ಲ, ಹಾಗೆ ಕಲ್ಲುಗಳನ್ನೂ ಹೇರಿದ. ಕೊಂಬೆಗಳ ತುದಿ ಅಲ್ಲಲ್ಲಿ ಹೊರಗಿದ್ದವು. ಅವನ್ನು ಮುಚ್ಚುವ ಶಕ್ತಿ ಅವನಲ್ಲಿರಲಿಲ್ಲ.

ಆಮೇಲೆ ಅವನು ಆ ಕಡೆ ನೋಡುವುದನ್ನು ಬಿಟ್ಟ. ಆದರೆ ಕಾಲುವೆ ಅಲ್ಲೇ ಇತ್ತು. ಬೇಸಿಗೆಯೆಲ್ಲ ಅವನು ಕೈಕಾಲು ತೊಳೆದ ನೀರು ಕಲ್ಲುಗಳ ಸಂದಿಗೆ ಹರಿಯುತ್ತಲೇ ಇತ್ತು. ಮಳೆ ಹಿಡಿದು, ಹೊಡೆದು, ಬಿಡುವು ಕೊಟ್ಟ ಒಂದು ದಿನ ಹುಲಿಯಮ್ಮ ಬೇಲಿಯಾಚೆಯಿಂದ ಕೂಗಿದಳು.

"ಬೆಳ್ಳಾ, ನಿನ್ನ ಹೆಣ ಎದ್ದು ಕೂತೈತೆ ನೋಡ್ಬಾ!"

ಎರಡು ಕಡೆ ಚಿಗುರಿತ್ತು. ತಾಮ್ರದ ಬಣ್ಣದ ಎಳೆಯ ಎಲೆ. ಬೆಳ್ಳಪ್ಪ ಕಲ್ಲು ಸರಿಸಿ, ಬೆರಳಿನಿಂದ ಮಣ್ಣು ಬಿಡಿಸಿ ನೋಡಿದ. ಹಳೆಯ ಬೊಡ್ಡೆ ಕೊಳೆಯುತ್ತಿತ್ತು. ಆದರೆ ಮಣ್ಣಿನೊಳಗೆ ಮಲಗಿದ್ದ ಎರಡೂ ಕೊಂಬೆಗಳಿಗೆ ದಪ್ಪ ಬಿಳಿ ಬೇರು ಇಳಿದಿತ್ತು. ಬಗ್ಗಿಸಿ, ಮಣ್ಣೆಳೆದು, ಕಲ್ಲು ಹೇರಿ. ಒಂದು ಮಳೆಗಾಲ ಮುಂಚೆ ಹೇಳಿದ್ದರೆ ಎಂದು ಅವಳು ಅಂದಿದ್ದು ನೆನಪಾಯಿತು. ಅವನು ಕೆಸರಿನಲ್ಲೇ ಕೂತುಬಿಟ್ಟ.

ಈ ಸಲ ಅವನು ಗುದ್ದಲಿ ಮುಟ್ಟಲಿಲ್ಲ. ಬೇರು ಗಟ್ಟಿಯಾಗುವವರೆಗೆ ಇನ್ನೊಂದು ವರ್ಷ ಕಾದ. ಮುಳ್ಳಿನ ಬೇಲಿ ಕಟ್ಟಿದ, ನಾಯಿ ಸಾಕಿದ. ಒಂದನ್ನು ಬಾಗಿಲ ಪಕ್ಕ ಇದ್ದಲ್ಲೇ ಬಿಟ್ಟ. ಇನ್ನೊಂದನ್ನು ಹಳೆಯ ಬೊಡ್ಡೆಯಿಂದ ಕತ್ತರಿಸಿ, ಮರದ ತೊಗಟೆಯಿಂದ ಕೆರೆದು ತಂದ ಹಸಿ ಹಾವಸೆಯಲ್ಲಿ ಬೇರು ಸುತ್ತಿ, ಮಣ್ಣಿನ ಜೊತೆ ಬುಟ್ಟಿಯಲ್ಲಿ ಇಟ್ಟ. ಆಗ ಬಾಗಿಲ ಪಕ್ಕದ ಗಿಡದಲ್ಲಿ ಮೊಗ್ಗು ಕಾಣಿಸಿಕೊಂಡಿತ್ತು.

"ಹೇಳಿ ಕಳ್ಸು, ಗಾಡಿ ಸಾಗರಕ್ಕೆ ಹೋಗ್ತೈತೆ," ಎಂದಳು ಹುಲಿಯಮ್ಮ.

"ಇಲ್ಲ ಅಕ್ಕ. ನಾನೇ ಹೋಗ್ತೀನಿ. ಇದಕ್ಕೆ ನೀರು ಹಾಕು. ಕಡುಬು ಹಾಕ್ಬ್ಯಾಡ."

ಬಸ್ಸಿನಲ್ಲಿ ಕಂಡಕ್ಟರು ಬುಟ್ಟಿಯನ್ನು ಮೇಲೆ ಹಾಕು ಎಂದ. ಬೆಳ್ಳಪ್ಪ ತೊಡೆಯ ಮೇಲಿಂದ ಇಳಿಸಲಿಲ್ಲ.

"ಮಗೂನಾ ಅದು? ಅರ್ಧ ಟಿಕೀಟು ಹರೀಲಾ?"

"ಹರೀರಿ," ಎಂದ ಬೆಳ್ಳಪ್ಪ. ಬಸ್ಸೆಲ್ಲ ನಕ್ಕಿತು. ಕಂಡಕ್ಟರು ಹರಿಯಲಿಲ್ಲ.

ದೋಣಿ ದಡ ಬಿಟ್ಟಾಗ ಮಧ್ಯಾಹ್ನ. ಸತ್ತ ಮರಗಳ ತಲೆಗಳು ನೀರಿನ ಮೇಲೆ ಎದ್ದಿದ್ದವು, ಅವುಗಳ ಮೇಲೆ ನೀರುಕಾಗೆಗಳು ರೆಕ್ಕೆ ಬಿಡಿಸಿ ಒಣಗಿಸಿಕೊಳ್ಳುತ್ತಿದ್ದವು. ದೋಣಿಯವನು ಜಲ್ಲೆಯನ್ನು ಒಂದು ಕಡೆ ತೋರಿಸಿ, "ನಿಮ್ಮ ಬಯಲು ಇಲ್ಲೇ ಕೆಳಗೆ ಬರ್ತದೆ," ಎಂದ. ಬೆಳ್ಳಪ್ಪ ಬಗ್ಗಿ ನೋಡಿದ. ಕಂಡದ್ದು ಮುಗಿಲು, ಮತ್ತು ಬುಟ್ಟಿಯ ಪಕ್ಕ ತನ್ನ ಮುಖ. ಅಂಗೈಯಲ್ಲಿ ಆ ನೀರನ್ನು ಮೊಗೆದು ಗಿಡದ ಬುಡಕ್ಕೆ ಬಿಟ್ಟ.

ಕನ್ನಮ್ಮನ ಅಣ್ಣ ಜಟ್ಟಪ್ಪನ ಮನೆ ಮುಟ್ಟುವಾಗ ಬಿಸಿಲು ಇಳಿದಿತ್ತು. ಹುಣ್ಣಿಮೆ ಹತ್ತಿರವಿದ್ದುದರಿಂದ ಕನ್ನಮ್ಮ ಜಗಲಿಯ ಮೇಲೆ ಅಣ್ಣನ ಮನೆಯ ಬುಟ್ಟಿಯನ್ನು ಕಾಲುಗಳ ನಡುವೆ ಇಟ್ಟುಕೊಂಡು ಚಿತ್ತಾರ ಬರೆಯುತ್ತಿದ್ದಳು. ಬೆಳ್ಳಪ್ಪನನ್ನು ನೋಡಿದಳು. ಅವನ ತಲೆಯ ಮೇಲಿನ ಬುಟ್ಟಿಯ ಎಲೆಗಳನ್ನು ನೋಡಿದಳು. ಕುಂಚ ನಿಲ್ಲಲಿಲ್ಲ.

"ಓಹೋ ಭಾವ!" ಎಂದ ಜಟ್ಟಪ್ಪ ಒಳಗಿಂದ ಬರುತ್ತ. "ತೋಟಾನೇ ಹೊತ್ಕಂಡು ಬಂದ್ರಲ್ಲ. ಇಳಿಸಿ ಇಳಿಸಿ. ನೀರು ತರ್ತೀನಿ, ಕಾಲು ತೊಳೀರಿ."

ಅವನು ಒಳಗೆ ಹೋದ. ಬೆಳ್ಳಪ್ಪ ಬುಟ್ಟಿ ಇಳಿಸಿ ಜಗಲಿಯ ಅಂಚಿಗೆ ಕೂತ.

"ಹೂ ಬಿಡ್ತಾ?" ಎಂದಳು ಕನ್ನಮ್ಮ. ಕಣ್ಣು ಎಳೆಯ ಮೇಲಿತ್ತು.

"ಅಲ್ಲಿ ಬಾಗಿಲಲ್ಲಿ ಇದರ ಜೊತೇದು ಇನ್ನೊಂದೈತೆ. ಅದರಲ್ಲಿ ಮೊಗ್ಗು ಬಂದೈತೆ."

"ಹಂಗಾರೆ ಹೇಳಿ ಕಳ್ಸಿದ್ರೆ ಸಾಕಿತ್ತು. ನಾನು ಅಂದ ಮಾತಿಗೆ ತಪ್ಪೋಳಲ್ಲ."

"ಅದಕ್ಕೇ ಹೇಳಿ ಕಳ್ಸಲಿಲ್ಲ." ಅವನು ಟವಲಿನಿಂದ ಮುಖ ಒರೆಸಿಕೊಂಡ. ಒರೆಸಿದ್ದನ್ನೇ ಮತ್ತೆ ಒರೆಸಿದ. "ಆ ಮಾತು ಬಿಡು. ನಾನು ಇದನ್ನ ಕೇಳಕ್ಕೆ ಬಂದೆ. ಇದು ನಿನ್ನ ಗಿಡ. ಎಲ್ಲಿ ನೆಡ್ಲಿ?"

ಕುಂಚ ನಿಂತಿತು. ಬಿಳಿಯ ಹನಿಯೊಂದು ತುದಿಯಲ್ಲಿ ತುಂಬಿಕೊಂಡು ಅವಳ ಪಾದದ ಮೇಲೆ ಬಿತ್ತು.

"ಎಲ್ಲಿ ಅಂದ್ರೆ?"

"ಇಲ್ಲಿ ಅಂದ್ರೆ ಇಲ್ಲಿ. ನೀನು ಅಂದಲ್ಲಿ."

ಅವಳು ಕುಂಚವನ್ನು ಬದಿಗಿಟ್ಟಳು. ಆಮೇಲೆ ಗಿಡದ ಬುಡಕ್ಕೆ ಕೈ ಹಾಕಿ, ಹಾವಸೆಯನ್ನು ಒಂಚೂರು ಸರಿಸಿ ಬೇರು ಮುಟ್ಟಿ ನೋಡಿದಳು. "ಬಗ್ಗಿಸಿ ಬೇರು ಬರ್ಸಿದ್ದು ಇದು. ಯಾರು ಹೇಳಿಕೊಟ್ರು?"

"ಹಂದಿ," ಎಂದ ಬೆಳ್ಳಪ್ಪ.

ಅವನು ಎಲ್ಲ ಹೇಳಿದ. ಮೊಗ್ಗು ಬಂದದ್ದು, ಬುಟ್ಟಿ ಬರೆದದ್ದು, ಕಡುಬು ಹೂತದ್ದು, ಕಲ್ಲು ಹೇರಿದ್ದು. ಕಡುಬಿನ ಮಾತಿಗೆ ಅವಳು ಕಣ್ಣು ಮುಚ್ಚಿ, "ಎಲ್ಲಾನೂ ಹೂತ್ರಾ!" ಎಂದಳು. ಮೊದಲು ನಕ್ಕಳು. ನಗುತ್ತ ನಗುತ್ತ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಹೊಟ್ಟೆ ಹೊತ್ತದ್ದಕ್ಕೆ ಬಡಿಸಿ, ಬಡಿಸಿದ್ದೇ ಮುಳುವಾಗಿ, ಅವನೊಬ್ಬನೇ ಮಣ್ಣೆಳೆದದ್ದು ಅವಳಿಗೆ ತನ್ನ ನಿಲ್ಲದ ಬಸುರುಗಳನ್ನು ನೆನಪಿಸಿತು; ಅದನ್ನು ಅವಳು ಮತ್ತೊಮ್ಮೆ ಹೇಳಿಸಲಿಲ್ಲ.

ಬುಟ್ಟಿಯನ್ನು ತನ್ನ ಕಡೆ ತಿರುಗಿಸಿಕೊಂಡಳು. "ಈ ಎಳೆ ನಂದು. ಇದು ನಂದು. ಇದು ಯಾರದ್ದು? ಎಮ್ಮೆ ಬಾಲ ಆಡ್ಸಿದಂಗೆ ಐತೆ."

"ಕೈ ನಡುಗ್ತು."

ಜಟ್ಟಪ್ಪ ತಂಬಿಗೆ ನೀರಿಟ್ಟು, ಗೋಡೆಗೆ ಒರಗಿಸಿದ್ದ ಗುದ್ದಲಿಯನ್ನು ಕೈಗೆತ್ತಿಕೊಂಡ. "ಕತ್ಲಾಗೋದ್ರೊಳಗೆ ನೆಟ್ಟುಬಿಡಾಣ ಭಾವ. ತುಳಸಿಕಟ್ಟೆ ಪಕ್ಕ ಜಾಗ ಐತೆ. ಗುಂಡಿ ತೆಗೀಲೇನೇ ಕನ್ನಿ?"

ಕನ್ನಮ್ಮ ಅಣ್ಣನ ಮನೆಯ ಬುಟ್ಟಿಯನ್ನು ಅರ್ಧಕ್ಕೇ ಪಕ್ಕಕ್ಕಿಟ್ಟಳು. ಗಿಡವಿದ್ದ ಬುಟ್ಟಿಯನ್ನು ಮಣ್ಣಿನ ಭಾರದ ಸಮೇತ ಎರಡೂ ಕೈಯಿಂದ ಎಳೆದು ಕಾಲುಗಳ ನಡುವೆ ಇಟ್ಟುಕೊಂಡಳು. ಕುಂಚವನ್ನು ಬಿಳಿಯಲ್ಲಿ ಅದ್ದಿ, ಗಂಡ ಬರೆದಿದ್ದ ಸೊಟ್ಟ ಎಳೆಯನ್ನು ಅಳಿಸದೆ, ಅದರ ಬದಿಗೇ ಇನ್ನೊಂದು ನೇರ ಎಳೆಯನ್ನು ಎಳೆದಳು. ಎಲೆಗಳು ಅವಳ ಕೆನ್ನೆಗೆ ತಾಗುತ್ತಿದ್ದವು. ಅವಳು ಸರಿಸಲಿಲ್ಲ.

"ತೆಗೀಲಾ ಗುಂಡಿಯಾ?" ಎಂದ ಜಟ್ಟಪ್ಪ ಮತ್ತೆ.

"ಗುದ್ದಲಿ ಇಡು ಅಣ್ಣ," ಎಂದಳು ಅವಳು ತಲೆ ಎತ್ತದೆ. "ಬಣ್ಣ ಹಸಿ ಐತೆ. ಒಣಗ್ಲಿ ತಡಿ. ಹೊತ್ಕಂಡು ಹೋಗೋ ಬುಟ್ಟಿ ಇದು."

ಒಳಗೆ ಯಾರೋ ದೀಪ ಹಚ್ಚಿದರು. ಜಗಲಿಗೆ ಬಿದ್ದ ಬೆಳಕಿನಲ್ಲಿ ಕೆಮ್ಮಣ್ಣಿನ ಮೇಲೆ ಬಿಳಿಯ ಎಳೆ ಬುಟ್ಟಿಯ ಸುತ್ತ ಸಾಗುತ್ತಿತ್ತು. ಒಂದು ಸುತ್ತು ಮುಗಿದ ಕಡೆ ಬೆಳ್ಳಪ್ಪ ಕೈ ಚಾಚಿ, ಬುಟ್ಟಿಯನ್ನು ಅವಳಿಗೆ ಬೇಕಾದಷ್ಟು ತಿರುಗಿಸಿ ಹಿಡಿದ.